ಹಿತ್ತಲ ಕೋಳಿ, ಭಾಗ 4: ಆ ಬ್ಲೇಡ್ ಕೆಳಗ ಇಡ್ರಿ

ಕೋಳಿ ಅಂಗಾಲಿನ ಬಾವು ಬ್ಲೇಡಿನಿಂದ ಕೊಯ್ದು ತೆಗೆಯೋ ರೀಲ್ಸ್ ನಮ್ಮ ಕ್ಲಾಸ್ ಗ್ರೂಪಿಗೂ ಬಂದಾವ. ನೋಡಾಕ ಭಾಳ ಸುಲಭ ಅನಸ್ತೈತಿ. ನನ್ನ ಅಭಿಪ್ರಾಯ ನೇರ ಹೇಳ್ತೀನಿ: ಮನ್ಯಾಗ ಕೋಳಿ ಕಾಲಿನ ಆರೈಕೆ ಮಾಡ್ರಿ, ಆಪರೇಷನ್ ಮಾಡಬ್ಯಾಡ್ರಿ.

ಈ ರೋಗದ ಹೆಸರು ಬಂಬಲ್‌ಫೂಟ್. ಜಾಲಿಮುಳ್ಳು ಚುಚ್ಚಿದ್ರೋ, ಚರ್ಮ ಸೀಳಿದ್ರೋ ಬ್ಯಾಕ್ಟೀರಿಯಾ ಒಳಗ ಹೋಗ್ತಾವ. ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಆರಿಯಸ್, ಮನುಷ್ಯರ ಮೈಮ್ಯಾಲೂ ಇರುವಂಥದ್ದು. ಅದಕ್ಕ ಕೈಗೆ ಗ್ಲೌಸ್ ಬೇಕ. ಕೋಳಿ ಕೀವು ನಮ್ಮ ಕೀವಿನಂಗ ಹರಿಯೂದಿಲ್ಲ, ಗಿಣ್ಣದಂಗ ಗಟ್ಟಿ ಇರತೈತಿ. ಒತ್ತಿದ್ರ ಹೊರಗ ಬರೂದಿಲ್ಲ, ಒಳಗ ಹರಡತೈತಿ. ಪಕ್ಕದಾಗ ರಕ್ತನಾಳ, ಕೀಲು, ಎಲುಬು. ಬ್ಲೇಡ್ ಎಲ್ಲಿ ನಿಲ್ಲಿಸಬೇಕು ಅಂತ ರೀಲ್ ಹೇಳೂದಿಲ್ಲ.

ಬಾವು ಸಣ್ಣದಿದ್ದು ಕೋಳಿ ಚೆನ್ನಾಗಿ ಮೇಯಾಕತ್ತಿದ್ರ ಮನೆಮದ್ದಿಗೆ ಅವಕಾಶ ಐತಿ. ಉಗುರುಬೆಚ್ಚಗಿನ ಉಪ್ಪುನೀರಾಗ ದಿನಾ ಹತ್ತು–ಹದಿನೈದು ನಿಮಿಷ ಕಾಲು ಇಡ್ರಿ, ಪೂರ್ತಿ ಒರೆಸ್ರಿ, ಪೊವಿಡೋನ್ ಅಯೋಡಿನ್ ಹಚ್ಚಿ ಗಾಜ್ ಸುತ್ತ್ರಿ. ಬಿಗಿ ಬ್ಯಾಡ. ಒಣ ಜಾಗದಾಗ ಬ್ಯಾರೆ ಇಡ್ರಿ. ವಾರಗಟ್ಟಲೆ ತಾಳ್ಮಿ ಬೇಕು.

ಆದ್ರ ನಿಜವಾದ ಔಷಧ ಗೂಡಿನ್ಯಾಗ ಐತಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಷ್ಟೋ ಹಿತ್ತಲದಾಗ ಈಗ ಮಣ್ಣು ಹೋಗಿ ಕಾಂಕ್ರೀಟ್ ಬಂದೈತಿ. ಮಳಿಗಾಲದಾಗ ಹಿಕ್ಕಿ, ಕೆಸರು ಕೂಡಿ ಹಸಿ ಹಸಿ. ಕೋಳಿ ಕೂಡೋ ಕೋಲು ನೋಡಿದ್ರ ಚೂಪು ಅಂಚಿನ ಪಟ್ಟಿ, ಅದೂ ಎದೆಮಟ್ಟ ಎತ್ತರಕ್ಕ. ಜವಾರಿ ಕೋಳಿ ಹೆಂಗೋ ಇಳೀತಾವ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ್ಯಾಗ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಭಾರದ ಕೋಳಿ ಅಲ್ಲಿಂದ ಧೊಪ್ ಅಂತ ಬಿದ್ರ ಅಂಗಾಲೇ ಪೆಟ್ಟು ತಿನ್ನೂದು. ಎರಡು ಇಂಚು ಅಗಲದ, ಅಂಚು ಉಜ್ಜಿದ ಕೋಲು ಒಂದೂವರೆ ಅಡಿ ಎತ್ತರಕ್ಕ ಇರಲಿ. ಕೆಳಗ ಒಣ ರವದಿ ಹಾಕ್ರಿ, ಹಸಿ ಆದ್ರ ತೆಗೀರಿ. ಕಬ್ಬಿನ ಸೀಮೆಯಾಗ ರವದಿಗೆ ಏನ್ ಬರ? ಹೊಲದಾಗ ಬೆಂಕಿ ಹಚ್ಚೂದಕ್ಕಿಂತ ಇದು ಚಲೋ ಅಲ್ಲೇನು!

ಇನ್ನ ಮನ್ಯಾಗ ಉಳಿದ ಮನುಷ್ಯರ ಆಂಟಿಬಯಾಟಿಕ್ ಗುಳಿಗಿ ಪುಡಿ ಮಾಡಿ ನೀರಿಗೆ ಹಾಕೋದು. ಇದಕ್ಕ ನನ್ನ ಪೂರ್ತಿ ವಿರೋಧ. ಔಷಧದ ಅಂಶ ತತ್ತಿಯೊಳಗ ಬರಬಹುದು, ಆ ತತ್ತಿ ಓಣಿ ಹುಡುಗರ ಹೊಟ್ಟಿಗೆ ಹೋಗತೈತಿ. ಬ್ಯಾಕ್ಟೀರಿಯಾನೂ ಔಷಧಕ್ಕ ಬಗ್ಗದಂಗ ಆಗ್ತಾವ. ಇದೇ ಭಯಕ್ಕ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಕೋಳಿ ಸೇರಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಡಾಕ್ಟರ್ ಔಷಧ ಬರೆದ್ರೂ, ಎಷ್ಟು ದಿನ ತತ್ತಿ ಮಾರಬಾರದು, ಕೋಳಿ ಕೊಯ್ಯಬಾರದು ಅಂತ ಕೇಳ್ರಿ.

"ಒಂದು ಕೋಳಿಗೆ ಯಾಕ ಡಾಕ್ಟರ್? ಕುಂಟಿದ್ರ ಸಾರು ಮಾಡಿದ್ರಾತು" ಅನ್ನವ್ರು ಅದಾರ. ಭಾಳ ಮನ್ಯಾಗ ತತ್ತಿ ರೊಕ್ಕ ಅಂದ್ರ ಅವ್ವ ಯಾರನ್ನೂ ಕೇಳದ ಖರ್ಚು ಮಾಡೋ ರೊಕ್ಕ. ನಮ್ಮ ಪೆನ್ನು, ಬಸ್ ಚಾರ್ಜು ಅದರಾಗ ಬಂದಾವ. ಆ ಕೋಳಿ ಹೋದ್ರ ಲೆಕ್ಕ ಅವ್ವಗ ಗೊತ್ತು, ಸಾರು ಉಂಡವರಿಗಲ್ಲ.

ಬಾವು ಬಿಸಿ ಆಗಿದ್ರ, ಕಾಲು ಮ್ಯಾಲಿನ ಗಂಟಿನ ತನಕ ಊದಿದ್ರ, ಕೋಳಿ ಮೇವು ಬಿಟ್ರ, ಉಪ್ಪುನೀರಿನ ಕಾಲ ಮುಗೀತು. ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯ್ರಿ, ಇಲ್ಲಾ 1962ಕ್ಕೆ ಫೋನ್ ಮಾಡಿ ಕೇಳ್ರಿ. ಕೊಯ್ಯೋದು ಬೇಕಿದ್ರ ಅವರೇ ಕೊಯ್ಯಲಿ.

ನಾಳೆ ಮುಂಜಾನೆ ಗೂಡು ತೆಗೆಯುವಾಗ ಒಂದೊಂದರ ಅಂಗಾಲು ನೋಡ್ರಿ. ನಡುವೆ ಕಪ್ಪು ಹಕ್ಕಳಿ ಕಂಡ್ರ ಕಮೆಂಟಿನ್ಯಾಗ ತಿಳಸ್ರಿ, ಕೂಡೋ ಕೋಲಿನ ಎತ್ತರಾನೂ ಬರೀರಿ.