ಪಾಳು ಬಿದ್ದ ಗುಡ್ಡವೆಂದು ಹಳಿಯಬೇಡಿ

ಗುಡ್ಡದ ಕೆಲಸಕ್ಕೆ ಆಳುಗಳು ಸಿಗುವುದಿಲ್ಲ. ಹಟ್ಟಿಯಲ್ಲಿ ದನಗಳು ಕಡಮೆಯಾದುದರಿಂದ ಸೊಪ್ಪು ಹೊರುವ ಅಗತ್ಯವೂ ಕಡಮೆಯಾಗಿದೆ. ಮಕ್ಕಳು ಮಂಗಳೂರು, ಬೆಂಗಳೂರು, ಕೊಲ್ಲಿ ದೇಶವೆಂದು ಹೊರಟುಹೋಗಿದ್ದಾರೆ. ಹೀಗಾಗಿ ಮಂಜೇಶ್ವರದಿಂದ ಮುಳಿಯಾರಿನ ತನಕ ನಮ್ಮವರ ಅನೇಕ ಸೊಪ್ಪಿನ ಗುಡ್ಡಗಳು ಹತ್ತು ಹದಿನೈದು ವರ್ಷಗಳಿಂದ ಕತ್ತಿಯನ್ನೇ ಕಾಣದೆ ನಿಂತಿವೆ. ಮೊದಲು ಹುಲ್ಲು, ಬಳಿಕ ಮಲಯಾಳಿಗಳು ಕಮ್ಯೂನಿಸ್ಟ್ ಪಚ್ಚ ಎಂದು ಕರೆಯುವ ಆ ಹಟಮಾರಿ ಗಿಡ, ಅದರ ಎಡೆಯಿಂದ ಮೆಲ್ಲನೆ ಕೇಪಳ, ಕುಂಟುನೇರಳೆ, ಮತ್ತಿ, ಹೊನ್ನೆ. ದಾರಿಯಲ್ಲಿ ಹೋಗುವವರು "ಇವರ ಗುಡ್ಡ ಪಾಳು ಬಿತ್ತಲ್ಲ" ಎಂದು ಮರುಗುತ್ತಾರೆ. ಯಜಮಾನರಿಗೂ ಒಳಗೊಳಗೆ ನಾಚಿಕೆ. ಹಿಟಾಚಿ ತರಿಸಿ ಮೆಟ್ಟಿಲು ಕಡಿಸಿ ರಬ್ಬರು ಇಡೋಣವೇ, ಮುರಕಲ್ಲಿನ ಕೋರೆಗೆ ಕೊಡೋಣವೇ ಎಂದು ಯೋಚಿಸುತ್ತಾರೆ.

ಅಂಥ ಯೋಚನೆಯಲ್ಲಿರುವ ಕೃಷಿಕ ಬಂಧುಗಳೊಡನೆ ನಮ್ಮದೊಂದು ವಿನಂತಿಯಿದೆ. ಹಿಟಾಚಿಗೆ ಹೇಳಿ ಕಳುಹಿಸುವ ಮೊದಲು ಒಂದು ಹಾರೆ ಹಿಡಿದು ಗುಡ್ಡಕ್ಕೆ ಹೋಗಿ. ಮಳೆ ಹಿಡಿದು ಹದಿನೈದು ದಿನ ಕಳೆದ ಮೇಲೆ ಮೂರು ಕಡೆಗಳಲ್ಲಿ ಅಡಿಯುದ್ದ, ಅಡಿಯಗಲ, ಅಡಿಯಾಳದ ಗುಂಡಿ ತೆಗೆಯಿರಿ: ವರ್ಷವೂ ಗುಡಿಸಿ ಸುಡುವ ಬೋಳು ಜಾಗದಲ್ಲಿ ಒಂದು, ಹದಿನೈದು ವರ್ಷ ಬಿಟ್ಟ ಹಾಡಿಯಲ್ಲಿ ಒಂದು, ನಾಗಬನದ ಹೊರ ಅಂಚಿನಲ್ಲಿ ಒಂದು. (ಬನದೊಳಗೆ ಹಾರೆ ಹಾಕಬೇಡಿ, ಅಂಚೇ ಸಾಕು.) ಮಣ್ಣನ್ನು ಹಳೆಯ ಬಿಳಿ ಪಂಚೆಯ ಮೇಲೆ ಹರಡಿ ಕೈಯಿಂದ ಆರಿಸಿ. ಬೋಳು ಜಾಗದ ಮಣ್ಣಿನಲ್ಲಿ ನಾಲ್ಕು ಇರುವೆ ಸಿಕ್ಕರೆ ಹೆಚ್ಚು. ಹಾಡಿಯದರಲ್ಲಿ ತರಗೆಲೆ ಎತ್ತಿದೊಡನೆ ಚಂಗನೆ ಹಾರುವ ಬಿಳಿಯ ಸಣ್ಣ ಕೀಟಗಳು, ಗೆದ್ದಲು, ಜರಿ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿ. ಬನದ ಅಂಚಿನ ಮಣ್ಣನ್ನು ಆರಿಸಿ ಮುಗಿಸಲು ಅರ್ಧ ದಿನವೇ ಬೇಕಾದೀತು.

ಈ ಜೀವಿಗಳು ಕೂಲಿಯಿಲ್ಲದೆ ದುಡಿಯುವ ಆಳುಗಳು. ಸಹಸ್ರಪದಿ ಎಲೆಯನ್ನು ಅಗಿದು ಪುಡಿಮಾಡುತ್ತದೆ. ಆ ಪುಡಿಯ ಮೇಲೆ ಅಣಬೆಯ ಬೂಷ್ಟು ಬೆಳೆಯುತ್ತದೆ. ಅದನ್ನು ನುಸಿಗಳು ಮೇಯುತ್ತವೆ. ಗೆದ್ದಲು ಮತ್ತು ಎರೆಹುಳು ಮಣ್ಣನ್ನು ಮೇಲೆ ಕೆಳಗೆ ಸಾಗಿಸುತ್ತವೆ. ಇಂಗ್ಲೆಂಡಿನ ಹಲವೆಡೆ ಎಕರೆಯೊಂದಕ್ಕೆ ವರ್ಷದಲ್ಲಿ ಹತ್ತು ಟನ್ನಿಗೂ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆಂದು ಡಾರ್ವಿನ್ ಮಹಾಶಯನು 1881ರಲ್ಲೇ ಲೆಕ್ಕಹಾಕಿ ಬರೆದನು. ಗೆದ್ದಲೆಂದೊಡನೆ ವಿಷದ ಡಬ್ಬಿಗೆ ಕೈಹಾಕುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಆದರೆ ಗೆದ್ದಲಿನಲ್ಲಿ ಹೆಚ್ಚಿನ ಜಾತಿಗಳು ತಿನ್ನುವುದು ಒಣಕಡ್ಡಿ, ತರಗೆಲೆಗಳನ್ನು. ಅದನ್ನೆಲ್ಲ ನಾವೇ ಗುಡಿಸಿ ಸುಟ್ಟರೆ ಅದರ ಪಾಲಿಗೆ ಉಳಿಯುವುದು ನಮ್ಮ ಸಸಿ ತಾನೇ?

ಯಾವುದಾದರೂ ಹುಳು ಇದ್ದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಇದಕ್ಕೆ ದೂರದ ಒಂದು ಉದಾಹರಣೆ ಹೇಳುತ್ತೇವೆ. ಬ್ರೆಜಿಲಿನ ಅಮೆಜಾನ್ ಸೀಮೆಯಲ್ಲಿ, ಮನಾವುಸ್ ಪಟ್ಟಣದ ಬಳಿ, ಯಂತ್ರಗಳಿಂದ ಕಾಡು ಕಡಿದು ಹುಲ್ಲುಗಾವಲು ಮಾಡಿದರು. ಕಾಡಿನ ಮಣ್ಣಿನ ಜೀವಿಗಳು ಬಹುಪಾಲು ಅಳಿದುಹೋಗಿ ಒಂದೇ ಜಾತಿಯ ಎರೆಹುಳು ಮಿತಿಮೀರಿ ಹೆಚ್ಚಿತು. ಅದರ ಹಿಕ್ಕೆಯ ಹೆಂಟೆಯನ್ನು ಒಡೆದು ಸಡಿಲಿಸುವ ಬೇರೆ ಜೀವಿಗಳು ಉಳಿದಿರಲಿಲ್ಲ. ನೆಲದ ಮೇಲ್ಪದರವು ಸಾರಣೆ ಮಾಡಿದಂತೆ ಬಿಗಿದು, ಮಳೆಯ ನೀರು ಒಳಗಿಳಿಯದೆ, ಹುಲ್ಲೇ ಒಣಗತೊಡಗಿತು. ಈ ಸಂಗತಿ 1999ರಲ್ಲಿ ಪ್ರಕಟವಾಯಿತು. ಶೋಧಕರು ಅಷ್ಟಕ್ಕೆ ನಿಲ್ಲಲಿಲ್ಲ. ಬಿಗಿದ ಹುಲ್ಲುಗಾವಲಿನಿಂದ ಸುಮಾರು 25 ಸೆಂಟಿಮೀಟರ್ ಅಗಲದ ಮಣ್ಣಿನ ಗಟ್ಟಿಗಳನ್ನು ಅಖಂಡವಾಗಿ ಕಡಿದು ತೆಗೆದು ಕಾಡಿನಲ್ಲಿ ಹೂತರು; ಕಾಡಿನ ಗಟ್ಟಿಗಳನ್ನು ತಂದು ಹುಲ್ಲುಗಾವಲಿನಲ್ಲಿ ಹೂತರು. ಒಂದು ವರ್ಷ ಕಳೆದು ನೋಡುವಾಗ ಕಾಡಿಗೆ ಹೋದ ಗಟ್ಟಿ ಮಣ್ಣನ್ನು ಅಲ್ಲಿನ ಜೀವಿಗಳು ಕೊರೆದು ಸಡಿಲಮಾಡಿದ್ದವು. ಹುಲ್ಲುಗಾವಲಿಗೆ ಬಂದ ಕಾಡಿನ ಮಣ್ಣು ಬಿಗಿದಿತ್ತು!

ಆ ನೆಲ ನಮ್ಮದಲ್ಲ, ಆ ಕಾಡೂ ನಮ್ಮದಲ್ಲ. ಆದರೆ ಆ ಹುಳು ನಮ್ಮಲ್ಲಿಯೂ ಇದೆ. ಪಾಂಟೊಸ್ಕೊಲೆಕ್ಸ್ ಕೊರೆಥ್ರೂರಸ್ ಎಂಬ, ಮಸುಕಾದ ನಸುಗೆಂಪು ಬಣ್ಣದ ಈ ದಕ್ಷಿಣ ಅಮೆರಿಕದ ಅತಿಥಿ ಗಿಡಗಳ ಬೇರಿನ ಮಣ್ಣಿನೊಡನೆ ಉಷ್ಣದೇಶಗಳೆಲ್ಲೆಲ್ಲ ಹರಡಿದೆ, ಕೇರಳದಲ್ಲೂ ನೆಲೆಯೂರಿದೆ. ಮನುಷ್ಯನು ಕೆದಕಿದ ನೆಲವೆಂದರೆ ಅದಕ್ಕೆ ಹಬ್ಬ. ತ್ರಿಪುರಾದ ರಬ್ಬರು ತೋಟಗಳಲ್ಲಿ ಅದರದೇ ಮೇಲುಗೈ ಎಂದು ಅಲ್ಲಿನ ಪ್ರಾಣಿಶಾಸ್ತ್ರಜ್ಞರು ಕಂಡಿದ್ದಾರೆ. ಪೋರ್ಟೊರಿಕೊ ದ್ವೀಪದಲ್ಲಿ ರೈತರು ಬಿಟ್ಟುಹೋದ ಹುಲ್ಲುಗಾವಲುಗಳು ತಾವಾಗಿ ಕಾಡಾದಾಗ ಇದೇ ಹುಳುವಿನ ಸಂಖ್ಯೆ ಇಳಿಯುತ್ತ ಬಂತು. ದಶಕಗಳ ಕಾಲ ಮರ ಬೆಳೆದ ಮೇಲೆ ಆ ದ್ವೀಪದ ಸ್ವಂತ ಜಾತಿಯ ಹುಳುಗಳು ಮತ್ತೆ ಕಾಣಿಸಿಕೊಂಡವು. ಒಟ್ಟು ಹುಳುಗಳು ಕಡಮೆಯಾದವು, ಜಾತಿಗಳು ಹೆಚ್ಚಿದವು. ತಲೆ ಎಣಿಸಿಯೇ ಮಣ್ಣಿನ ಆರೋಗ್ಯ ಹೇಳುವ ನಮ್ಮ ಕೆಲವು ಭಾಷಣಕಾರರು ಇದನ್ನು ಗಮನಿಸಬೇಕು.

ಆದರೆ ಈ ಮರಳುವಿಕೆ ಬಹಳ ನಿಧಾನ. ಇರುವೆ, ಗೆದ್ದಲುಗಳಿಗೆ ರೆಕ್ಕೆ ಬರುವ ಕಾಲವಿದೆ, ಹಾರಿ ಬರುತ್ತವೆ. ಎರೆಹುಳು ತೆವಳಿಯೇ ಬರಬೇಕು. ಹಾಲೆಂಡಿನಲ್ಲಿ ನೀರು ಹಿಂಗಿಸಿ ಪಡೆದ ಹೊಸ ನೆಲದಲ್ಲಿ ಎರೆಹುಳುಗಳು ವರ್ಷಕ್ಕೆ ಸುಮಾರು ಹತ್ತು ಮೀಟರಿನಷ್ಟು ಮಾತ್ರ ಮುಂದೆ ಸರಿದುವೆಂದು ಅಳೆದಿದ್ದಾರೆ. ಈ ಲೆಕ್ಕ ಹಿಡಿದರೆ ನಾಗಬನದಿಂದ ಇನ್ನೂರು ಮೀಟರು ದೂರದ ಗುಡ್ಡಕ್ಕೆ ಬನದ ಹುಳು ತಲಪಲು ಇಪ್ಪತ್ತು ವರ್ಷ ಬೇಕು. ನಡುವೆ ಹಿಟಾಚಿಯ ಬಯಲೋ ಸುಟ್ಟ ನೆಲವೋ ಇದ್ದರೆ ಆ ಪಯಣ ಅಲ್ಲಿಗೇ ನಿಂತೀತು. ಹಿರಿಯರು ಭಯಭಕ್ತಿಯಿಂದ ಉಳಿಸಿದ ಐದು ಸೆಂಟ್ಸಿನ ಬನವೇ ಇಡೀ ಗುಡ್ಡಕ್ಕೆ ಬೀಜದ ಕಣಜ. ಅದನ್ನು ಕಡಿದು ಸಿಮೆಂಟಿನ ಕಟ್ಟೆ ಕಟ್ಟಿ ಜೀರ್ಣೋದ್ಧಾರವೆನ್ನುವುದು ನಮಗಂತೂ ಸರಿಕಾಣದು.

ಇದರಿಂದ ತೋಟಕ್ಕೇನು ಲಾಭವೆಂದು ಕೇಳಿದರೆ, ನಿಮ್ಮ ಸುರಂಗವನ್ನು ನೆನೆಯಿರಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಆದರೂ ಮೀನ ತಿಂಗಳಲ್ಲಿ ಅಡಿಕೆಗೆ ನೀರಿಲ್ಲ. ಬೋಳು ಗುಡ್ಡದ ಮೇಲೆ ಬಿದ್ದ ಮಳೆ ಹೊಳೆ ಸೇರಿ ಸಂಜೆಗೆ ಕಡಲಿನತ್ತ. ಎರೆಹುಳು, ಗೆದ್ದಲು ಕೊರೆದ ಸಾವಿರ ಬಿಲಗಳಿರುವ ನೆಲದಲ್ಲಿ ಅದೇ ನೀರು ಮುರಕಲ್ಲಿನ ಸೆರೆಗೆ ಇಳಿಯುತ್ತದೆ. ಅಜ್ಜಂದಿರು ಕೊರೆದದ್ದು ಒಂದು ಸುರಂಗ. ಅದಕ್ಕೆ ನೀರು ಇಳಿಸುವುದು ಈ ಕಾಣದ ಸುರಂಗಗಳು.

ಹಾಡಿ ಬೆಳೆದರೆ ಕಾಡುಹಂದಿ ಬರುತ್ತದೆಂಬ ದೂರು ಸುಳ್ಳಲ್ಲ. ಮನೆಗೆ ತಾಗಿ ಹಾಡಿ ಬೆಳೆಸಿರೆಂದು ನಾವೂ ಹೇಳುವುದಿಲ್ಲ. ಮನೆ, ತೋಟಗಳ ಸುತ್ತ ಸವರಿ ಚೊಕ್ಕಟವಾಗಿಡಿ. ಸೊಪ್ಪು, ತರಗೆಲೆ ಬೇಕಾದವರು ಗುಡ್ಡವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಿಂದ ಮಾತ್ರ ತೆಗೆಯಲಿ. ಆದರೆ ಸುರಂಗದ ನೆತ್ತಿಯಿಂದ ಬನದವರೆಗಿನ ಪಟ್ಟಿಗೆ ಕತ್ತಿ, ಬೆಂಕಿ, ಹಿಟಾಚಿ ಮೂರೂ ಬೇಡ. ಬಿದ್ದ ಮರ ಬಿದ್ದಲ್ಲಿಯೇ ಕೊಳೆಯಲಿ. ಧನು ತಿಂಗಳು ಮುಗಿಯುವುದರೊಳಗೆ ಆ ಪಟ್ಟಿಯ ಸುತ್ತ ಎರಡು ಮಾರು ಅಗಲಕ್ಕೆ ಹುಲ್ಲು ಕೆತ್ತಿಸಿ ಬೆಂಕಿದಾರಿ ಮಾಡಿದರೆ, ಬೀಡಿಯ ಕಿಡಿಯಿಂದ ಹತ್ತಿಕೊಳ್ಳುವ ಬೆಂಕಿಯಾದರೂ ಒಳಗೆ ದಾಟದು.