ನೀಮ್ ಪಟ್ಟಣಕ್ಕೆ ಬಂದ ನೀರು

ರೋಮನ್ನರ ವಾಸ್ತುವೈಭವವನ್ನು ವರ್ಣಿಸುವವರು ಬಹುಶಃ ರೋಮ್ ನಗರದಲ್ಲಿಯೇ ನಿಂತುಬಿಡುತ್ತಾರೆ. ಅವರ ನಗರಕೌಶಲವನ್ನು ಅರಿಯಬೇಕಾದರೆ ಸಾಮ್ರಾಜ್ಯದ ಪಶ್ಚಿಮ ಪ್ರಾಂತಗಳತ್ತ ದೃಷ್ಟಿ ಹಾಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಇಂದಿನ ಫ್ರಾನ್ಸ್ ದೇಶದ ದಕ್ಷಿಣದಲ್ಲಿರುವ ನೀಮ್ ಪಟ್ಟಣವನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಈ ಪಟ್ಟಣವನ್ನು ಬಳಸಿ ಸುಮಾರು 6 ಕಿಲೋಮೀಟರ್ ಉದ್ದದ ಕೋಟೆಗೋಡೆ ಎದ್ದಿತು. ಒಳಗೆ ದೇವಾಲಯ, ಮುಂದೆ ವಿಶಾಲವಾದ ಕ್ರೀಡಾಂಗಣ. ಜನ ಹೆಚ್ಚಿದಂತೆ ನೀರಿನ ಬೇಡಿಕೆಯೂ ಹೆಚ್ಚಿತು. ಕ್ರಿ.ಶ. 1ನೆಯ ಶತಮಾನದ ಮಧ್ಯಭಾಗದಲ್ಲಿ ಉಜೆಸ್ ಸಮೀಪದ ಒರತೆಗಳಿಂದ ನೀರನ್ನು ತರಲು ನಿಶ್ಚಯಿಸಿದರು. ನೇರವಾಗಿ ಅಳೆದರೆ ದೂರ ಸುಮಾರು 20 ಕಿಲೋಮೀಟರ್. ಗುಡ್ಡಗಳನ್ನು ಸುತ್ತಿ ಬಂದ ಕಾಲುವೆಯಾದರೋ 50 ಕಿಲೋಮೀಟರ್! ಒರತೆಗಿಂತ ಪಟ್ಟಣವು ತಗ್ಗಿನಲ್ಲಿರುವುದು ಕೇವಲ 12-13 ಮೀಟರುಗಳಷ್ಟು. ಅಂದರೆ, ಒಂದು ಕಿಲೋಮೀಟರಿಗೆ ಸರಾಸರಿ ಒಂದು ಗೇಣು ಇಳಿಜಾರು. ದುರ್ಬೀನಿಲ್ಲದ ಆ ಕಾಲದಲ್ಲಿ ಇಷ್ಟು ಸೂಕ್ಷ್ಮವಾದ ಮಟ್ಟವನ್ನು ಹಿಡಿದವರ ತಾಳ್ಮೆಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ.

ಗಾರ್ದೋನ್ ನದಿಯನ್ನು ದಾಟಿಸಲು ಮೂರು ಅಂತಸ್ತಿನ ಕಮಾನುಗಳ ಸೇತುವೆಯನ್ನು ಕಟ್ಟಿದರು. ಎತ್ತರ ಸುಮಾರು 49 ಮೀಟರ್. ಕೆಳಗಿನ ಎರಡು ಅಂತಸ್ತುಗಳ ಭಾರಿ ಕಲ್ಲುಗಳು ಗಾರೆಯಿಲ್ಲದೆಯೇ ಒಂದನ್ನೊಂದು ಹಿಡಿದು ನಿಂತಿವೆ. ಪಾಂ ದ್ಯು ಗಾರ್ ಎಂಬ ಈ ಸೇತುವೆಯನ್ನು 1985ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಚಿತ್ರ ತೆಗೆಯುವುದು ಇದನ್ನೇ.

ನಮಗಾದರೋ ಕಾಲುವೆ ಕೊನೆಗೊಳ್ಳುವ ಸ್ಥಳವೇ ಹೆಚ್ಚು ಪ್ರಿಯ. ಅಲ್ಲಿ ಕಲ್ಲಿನಲ್ಲಿ ಕಡೆದ ದುಂಡನೆಯ ತೊಟ್ಟಿಯೊಂದಿದೆ. 1844ರಲ್ಲಿ ಬೆಳಕಿಗೆ ಬಂದುದು. ಅದರ ಗೋಡೆಯಲ್ಲಿ ಹತ್ತು ರಂಧ್ರಗಳು. ಬಂದ ನೀರು ಇಲ್ಲಿ ಪಾಲಾಗಿ ಸೀಸದ ಕೊಳವೆಗಳ ಮೂಲಕ ಊರಿನ ಬೇರೆಬೇರೆ ಭಾಗಗಳಿಗೆ ಹರಿಯುತ್ತಿತ್ತು.

ಆದರೆ ಒರತೆಯ ನೀರಿನಲ್ಲಿ ಸುಣ್ಣದ ಅಂಶ ವಿಶೇಷವಾಗಿತ್ತು. ಅದು ಕಾಲುವೆಯ ಗೋಡೆಗಳಿಗೆ ಪದರಪದರವಾಗಿ ಅಂಟುತ್ತ ಬಂದಿತು. ಆಡಳಿತವು ಬಲವಾಗಿದ್ದಷ್ಟು ದಿನ ಅದನ್ನು ಕೆರೆದು ತೆಗೆಯುತ್ತಿದ್ದರು. ಸಾಮ್ರಾಜ್ಯವು ಶಿಥಿಲವಾದಾಗ ಆ ಕೆಲಸವನ್ನು ಕೇಳುವವರೇ ಇಲ್ಲವಾದರು. ಶತ್ರುವಿನ ಕೊಡಲಿ ಬೀಳುವ ಮೊದಲೇ ಸುಣ್ಣವು ಕಾಲುವೆಯ ಕತ್ತನ್ನು ಹಿಸುಕತೊಡಗಿತ್ತು. ಕೆಲವೆಡೆ ಮನುಷ್ಯನೊಬ್ಬನು ನಡೆದುಹೋಗಬಹುದಾಗಿದ್ದ ಕಾಲುವೆಯಲ್ಲಿ ಕಡೆಗೆ ಉಳಿದುದು ಇಕ್ಕಟ್ಟಾದ ಸಂದು.

ಸೇತುವೆ ಉಳಿದುದು ನೀರಿನಿಂದಲ್ಲ, ಜನರು ನದಿಯನ್ನು ದಾಟಲು ಬಳಸಿದ್ದರಿಂದ. 1743ರಿಂದ 1747ರ ಅವಧಿಯಲ್ಲಿ ಪಿತೊ ಎಂಬ ಎಂಜಿನಿಯರನು ಅದಕ್ಕೆ ತಾಗಿಕೊಂಡಂತೆಯೇ ಹೊಸ ರಸ್ತೆಸೇತುವೆಯನ್ನು ಕಟ್ಟಿದನು. ಇನ್ನು ಕಾಲುವೆಯನ್ನು ಮುಚ್ಚಿದ ಆ ಸುಣ್ಣದ ಪದರವನ್ನು ಸುತ್ತಲಿನ ಹಳ್ಳಿಗರು ಮಧ್ಯಯುಗದಲ್ಲಿ ಕಲ್ಲಿನಂತೆ ಕಡಿದೊಯ್ದು, ತಮ್ಮ ಮನೆಗಳ ಹಾಗೂ ಚರ್ಚುಗಳ ಗೋಡೆಗಳಲ್ಲಿ ಸೇರಿಸಿ ಕಟ್ಟಿದರು.