ಹನ್ನೆರಡರಿಂದ ಮೂರು: ಒಲೆ ಆರಿಸಿ

ಬೇಸಿಗೆ ಬಂತು ಅಂದ್ರೆ ಸಲಹೆಗಳ ಸುಗ್ಗಿ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊರಗೆ ಹೋಗಬೇಡಿ, ಛತ್ರಿ ಹಿಡಿಯಿರಿ, ಮಜ್ಜಿಗೆ ಕುಡಿಯಿರಿ, ಮನೆಯಲ್ಲೇ ಇರಿ. ಸರಿ ಸ್ವಾಮಿ, ಮನೆಯಲ್ಲೇ ಇದ್ದೀವಿ. ಆದರೆ ಮನೆಯೊಳಗೆ ಯಾರು ಯಾವ ಕೋಣೆಯಲ್ಲಿದ್ದಾರೆ ಅಂತ ಯಾರಾದರೂ ಕೇಳಿದ್ದುಂಟಾ?

ನಮ್ಮ ಚಿತ್ರದುರ್ಗವನ್ನೇ ತಗೊಳ್ಳಿ. ನಾಯಕನಹಟ್ಟಿ ತೇರು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತೆ. ಏಪ್ರಿಲ್‌ನಲ್ಲಿ 38 ಡಿಗ್ರಿ ಅಂದ್ರೆ ಇಲ್ಲಿ ಯಾರೂ ಹುಬ್ಬೇರಿಸಲ್ಲ. ಪಕ್ಕದಲ್ಲೇ ಜೋಗಿಮಟ್ಟಿ ಇದೆ, ಮಧ್ಯ ಕರ್ನಾಟಕದ ಊಟಿ ಅಂತ ಹೆಮ್ಮೆ ಪಡ್ತೀವಿ, ಭಾನುವಾರ ಬೆಳಿಗ್ಗೆ ಗಂಡಸರು ತಣ್ಣನೆ ಗಾಳಿ ಕುಡಿಯೋಕೆ ಹೋಗಿ ಬರ್ತಾರೆ. ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ಕರೆಂಟ್ ತೆಗೆಯುತ್ತವೆ. ಇಷ್ಟೆಲ್ಲ ಗಾಳಿಯಿರುವ ಊರಲ್ಲಿ ಗಾಳಿಯಾಡದ ಜಾಗ ಒಂದಿದೆ, ಅದು ಅಡುಗೆಮನೆ. ಹಾಲ್‌ನಲ್ಲಿ ಫ್ಯಾನು, ರೂಮಿನಲ್ಲಿ ಕೂಲರ್ರು. ಅಡುಗೆಮನೆಗೆ? "ಫ್ಯಾನ್ ಹಾಕಿದ್ರೆ ಗ್ಯಾಸ್ ಉರಿ ಆರುತ್ತಲ್ಲ" ಅನ್ನುವ ಒಂದೇ ಮಾತಿಗೆ ಆ ಕೋಣೆಯ ಕಡತ ಮುಚ್ಚಿಬಿಡುತ್ತೆ.

ಸುಡು ಮಧ್ಯಾಹ್ನ ಹನ್ನೆರಡೂವರೆಗೆ ಎಸರು ಕುದಿಸಿ, ಹಿಟ್ಟು ಹಾಕಿ, ಆವಿಗೆ ಮುಖವೊಡ್ಡಿ ಮುದ್ದೆ ತಿರುವಿ ನೋಡಿ. ಆಮೇಲೆ ನನಗೆ ಎಳನೀರಿನ ಉಪದೇಶ ಮಾಡಿ.

ಈ ಮಾತು ತೆಗೆದರೆ ನಮ್ಮ ಮಾವನವರದ್ದು ಸಿದ್ಧ ಉತ್ತರ: "ನಮ್ಮ ಕಾಲದಲ್ಲಿ ಫ್ಯಾನೂ ಇರ್ಲಿಲ್ಲ, ಎಂಥದ್ದೂ ಇರ್ಲಿಲ್ಲ. ನಮ್ಮವ್ವ ಸೌದೆ ಒಲೇಲಿ ಮಾಡ್ಲಿಲ್ವೇನಮ್ಮ?" ಮಾಡಿದರು ಮಾವ, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಮಾಡಿದರು. ಅದೇನೂ ಸುಖವಲ್ಲ. ಆದರೆ ಅವರು ನಿಂತಿದ್ದು ಮಾಳಿಗೆ ಮನೆಯಲ್ಲಿ. ದಪ್ಪ ಮಣ್ಣಿನ ಗೋಡೆ, ತೊಲೆ ಜಂತೆಯ ಮೇಲೆ ಮಣ್ಣು ಹರಡಿದ ಮಾಳಿಗೆ, ಬಿಸಿ ಮೇಲಕ್ಕೆ ಹೋಗಲು ಗವಾಕ್ಷಿ. ಆ ಮನೆಗಳನ್ನು ಕೆಡವಿ ನಾವು ಆರ್‌ಸಿಸಿ ಹಾಕಿದೆವು. ಕೆಲವೇ ಇಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನೇ ನಮ್ಮ ಮೇಲೆ ಉಗುಳುತ್ತೆ. ರಾತ್ರಿ ಹತ್ತಕ್ಕೆ ಬೀದಿ ತಂಪಾಗಿದ್ದರೂ ಮನೆಯೊಳಗೆ ಬೇಯೋದು ಇದಕ್ಕೇ. ಮನೆ ಬದಲಾಯಿತು, ಮಧ್ಯಾಹ್ನದ ಬಿಸಿ ಮುದ್ದೆಯ ಹೊತ್ತು ಮಾತ್ರ ಬದಲಾಗಲಿಲ್ಲ. ಅಜ್ಜಿಯ ತಾಳ್ಮೆಯನ್ನು ಉದಾಹರಣೆ ಕೊಡುವವರು ಅಜ್ಜಿಯ ಮಾಳಿಗೆಯನ್ನೂ ಕೊಡಬೇಕಲ್ವಾ?

ಹೊತ್ತು ಬದಲಿಸೋದು ಆಗದ ಮಾತೇನಲ್ಲ. ನಮ್ಮ ಮೊಳಕಾಲ್ಮುರು ದಾಟಿದರೆ ಬಳ್ಳಾರಿ ಜಿಲ್ಲೆ. ಅಲ್ಲಿ, ಕಲಬುರಗಿ ವಿಭಾಗದ ಉಳಿದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಬಿಸಿಲಿಗೆ ಕಡತ ಹಿಡಿದ ಕೈ ಸೋಲುತ್ತೆ ಅಂತ ಸರ್ಕಾರಕ್ಕೇ ಗೊತ್ತು. ಸೌಟು ಹಿಡಿದ ಕೈ ಯಾವುದರಿಂದ ಮಾಡಿದ್ದು?

ಇನ್ನೊಂದು ವಿಷಯ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಬಿಸಿಗಾಳಿಯ ಬಗ್ಗೆ ಕೊಡುವ ಸೂಚನೆಗಳಲ್ಲಿ, ಬಿಸಿಲು ಜೋರಾಗಿರುವ ಹೊತ್ತಲ್ಲಿ ಅಡುಗೆ ಮಾಡಬೇಡಿ, ಅಡುಗೆಮನೆಯ ಬಾಗಿಲು ಕಿಟಕಿ ತೆರೆದಿಡಿ ಅಂತಲೂ ಇದೆ. ಛತ್ರಿ, ಎಳನೀರಿನ ಸಾಲುಗಳು ಮನೆಮನೆಯ ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಈ ಸಾಲನ್ನು ಮಾತ್ರ ನನಗೆ ಇವತ್ತಿನವರೆಗೆ ಯಾರೂ ಫಾರ್ವರ್ಡ್ ಮಾಡಿಲ್ಲ. ಯಾಕೆಂದರೆ ಛತ್ರಿ ಹಿಡಿಯೋಕೆ ಯಾರೂ ಏನೂ ಬಿಡಬೇಕಾಗಿಲ್ಲ. ಈ ಸಾಲು ಪಾಲಿಸಿದರೆ ತಟ್ಟೆಯ ಮೇಲಿನ ಹಬೆ ಬಿಡಬೇಕಾಗುತ್ತೆ.

"ಬೆಳಿಗ್ಗೆ ಮಾಡಿಟ್ಟಿದ್ದು ಬೇಸಿಗೇಲಿ ಹಳಸುತ್ತಲ್ರೀ" ಅಂತೀರಿ. ನಿಜ, ನ್ಯಾಯವಾದ ಪ್ರಶ್ನೆ. ಹಾಗಾದರೆ ಬೇಸಿಗೆಯಲ್ಲಿ ಬೇಸಿಗೆಯ ಊಟ ಉಣ್ಣೋಣ. ಅಂಬಲಿ, ಮೊಸರನ್ನ, ಕೋಸಂಬರಿ, ಬೆಳಗಿನ ಜೋಳದ ರೊಟ್ಟಿಗೆ ಚಟ್ನಿಪುಡಿ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಮಧ್ಯಾಹ್ನ ಮರದ ಕೆಳಗೆ ಉಂಡ ಜನ ನಾವು. ಆರಿದ ಊಟ ಉಂಡರೆ ಸಂಸ್ಕೃತಿ ಕೆಡುತ್ತೆ ಅಂತ ಯಾವ ರೈತನೂ ಹೇಳಿದ್ದು ಕೇಳಿಲ್ಲ. ಮನೆಯಲ್ಲಿ ಕಾಯಿಲೆಯವರು, ಹಸುಗೂಸು ಇದ್ದರೆ ಅವರಿಗೊಂದಿಷ್ಟು ಬಿಸಿ ಮಾಡಿದರಾಯ್ತು, ಇಡೀ ಮನೆಗಲ್ಲ.

ಆದರೆ ಒಂದು ಎಚ್ಚರ. ಹೊತ್ತು ಮಾತ್ರ ಬದಲಿಸಿ ಕೆಲಸ ಹಂಚದಿದ್ದರೆ ಇದು ಇನ್ನೊಂದು ಮೋಸ. ಅಡುಗೆ ಒಂಬತ್ತಕ್ಕೆ ಮುಗಿಯಬೇಕು ಅಂದರೆ ಬೆಳಗಿನ ಜಾವ ಏಳೋರು ಯಾರು? ನಲ್ಲಿ ನೀರು ಬರುವ ದಿನ ಅಪರಾತ್ರಿ ಕೊಡ ಹಿಡಿದು ಕಾದವಳೇ ಮತ್ತೆ ನಾಲ್ಕೂವರೆಗೆ ಏಳಬೇಕಾ? ನೀರು ಹಿಡಿಯೋದು ಒಬ್ಬರು, ತರಕಾರಿ ಹೆಚ್ಚೋದು ಇನ್ನೊಬ್ಬರು, ಪಾತ್ರೆ ಮತ್ತೊಬ್ಬರು ಅಂತ ಆಗಲಿ. ಏಪ್ರಿಲ್, ಮೇ ಮಕ್ಕಳಿಗೆ ರಜೆ. ಗಂಡುಮಕ್ಕಳಿಗೂ ರಜೆಯೇ ಅನ್ನೋದು ನೆನಪಿರಲಿ.

ಖರ್ಚಿನ ಮಾತೂ ಆಡಿಬಿಡೋಣ. ದೊಡ್ಡ ಟಿವಿ ತರುವ ಮುಂಚೆ ಅಡುಗೆಮನೆಗೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ. ತಾರಸಿಗೆ ಒಂದೆರಡು ಕೋಟು ಸುಣ್ಣ ಬಳಿಯಿರಿ, ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತೆ. ಇದಕ್ಕೆ ಇಂಜಿನಿಯರ್ ಬೇಡ, ಸಾಲ ಬೇಡ, ಒಂದು ಭಾನುವಾರ ಸಾಕು. ಆ ವಾರ ಜೋಗಿಮಟ್ಟಿಗೆ ಹೋಗದಿದ್ದರೆ ಬೆಟ್ಟವೇನೂ ಬೇಜಾರು ಮಾಡಿಕೊಳ್ಳಲ್ಲ.